ಕೊಟ್ಟಿಗೆ ಬಂಗಲೆ

ನಮ್ಮವರು ಕೈ ಹಾಕಿದ ಕೆಲಸ ಹೇಳಿದ ಜಾಗಕ್ಕೆ ಹೋಗಿ ಮುಟ್ಟಿದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಎಸ್‌ಟಿ, ಅಂದರೆ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಮಾತ್ರ ಹೇಳಿದ ಊರಿಗೆ ತಪ್ಪದೆ ಮುಟ್ಟುತ್ತಿದ್ದರು. ಯಾಕಂದರೆ ಬಸ್ಸು ನಡೆಸುತ್ತಿದ್ದವರು ಬೇರೆಯವರು.

ಅವರು ರಿಟೈರ್ ಆದ ವರ್ಷವೇ ಮಗಳ ಮದುವೆಯ ಮಾತು ಬಂತು. ನಮಗೆ ಅವಳೊಬ್ಬಳೇ. ನಿಲಂಗಾದ ಒಂದು ದವಾಖಾನೆಯಲ್ಲಿ ನರ್ಸ್. ಅಲ್ಲೇ ಶಾಲೆಯಲ್ಲಿ ಮಾಸ್ತರನಾಗಿದ್ದ ಉದಗೀರದ ಹುಡುಗ ಅವಳನ್ನು ಮೆಚ್ಚಿದ್ದ. ಇವಳಿಗೂ ಅವನ ಮೇಲೆ ಜೀವ. ಜಾತಕ, ಮನೆತನ ಎಲ್ಲ ಕೂಡಿಬಂದಿತ್ತು. ಇನ್ನು ಹುಡುಗನ ತಂದೆತಾಯಿ ಬಂದು ಮನೆ ನೋಡಿ ಹೂಂ ಅನ್ನುವುದೊಂದೇ ಉಳಿದಿತ್ತು.

ಆ "ಮನೆ ನೋಡುವುದು" ಅನ್ನುವ ಮಾತೇ ನಮ್ಮವರ ನಿದ್ದೆ ಕೆಡಿಸಿತ್ತು. ಉಮರ್ಗಾದಲ್ಲಿ ನಮ್ಮದು ಎರಡು ಕೋಣೆಯ ಮನೆ. ಹಿಂದೊಮ್ಮೆ ಮುರುಮ ಊರಿನಿಂದ ಹೆಣ್ಣು ನೋಡಲು ಬಂದವರು ಚಹಾ ಕುಡಿದು, "ಮನಿ ಭಾಳ ಸಣ್ಣದದ. ನಾಳಿ ನಾಲ್ಕ ಮಂದಿ ಬೀಗರು ಬಂದ್ರ ಎಲ್ಲಿ ಕೂಡಸ್ತೀರಿ?" ಅಂದು ಎದ್ದು ಹೋಗಿದ್ದರು. ಜೀವಮಾನವೆಲ್ಲ ಕಂಡವರಿಗೆ ಸೀಟು ಹುಡುಕಿ ಕೊಟ್ಟ ಮನುಷ್ಯ. ಸ್ವಂತ ಬೀಗರಿಗೆ ಸೀಟಿಲ್ಲ ಅನ್ನಿಸಿಕೊಂಡದ್ದು ಅವರಿಗೆ ಬಹಳ ಚುಚ್ಚಿತು. ಆ ರಾತ್ರಿ ಊಟ ಮಾಡಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ನಮ್ಮವರು ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮುಗಿಸಲು ಹೊರಟರು.

ಬಾರ್

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರು ತಾಯಿಗೆ ಹೇಳಿದರು: "ಅವ್ವಾ, ನಮ್ಮ ದಾಳಿಂಬ ಊರಿನ ಹೊಲದಾಗ ನಾ ಬಾರ್ನ್ ಮಾಡ್ತೀನಿ. ಬೀಗರಿಗಿ ಅಲ್ಲೇ ಕರಸ್ತೀನಿ."

ನಮ್ಮ ಅತ್ತೆಯ ಕೈಯಲ್ಲಿದ್ದ ರೊಟ್ಟಿಯ ತುತ್ತು ಅರ್ಧ ದಾರಿಯಲ್ಲೇ ನಿಂತಿತು.

"ಬಾರ್? ಶರಣರ ಮನಿತನದಾಗ ಹುಟ್ಟಿ, ಕೊರಳಾಗ ಲಿಂಗ ಕಟಗೊಂಡು, ಬಾರ್ ತೆರೀತೀ? ಬೀಗರಿಗಿ ಅದರಾಗ ಕೂಡಸ್ತೀ?"

"ಬಾರ್ ಅಲ್ಲವ್ವಾ, ಬಾರ್ನ್! ಫಾರಿನ್‌ದಾಗ ದನದ ಕೊಟಗಿಗಿ ಹಂಗಂತಾರ. ಈಗ ಅಲ್ಲಿ ಶ್ರೀಮಂತರೆಲ್ಲಾ ಕೊಟಗೀನ ಮನಿ ಮಾಡಿ ಇರ್ಲತ್ತಾರ. ಭಾರೀ ಫ್ಯಾಶನ್ ಅದ."

ಇದೆಲ್ಲ ಮೊಬೈಲಿನ ಪ್ರಸಾದ. ರಿಟೈರ್ ಆದಮೇಲೆ ದಿನವಿಡೀ ಅದರಲ್ಲಿ ಕಲ್ಲಿನ ಗೋಡೆ, ಮರದ ತೊಲೆ, ಕಂದೀಲು ನೋಡುತ್ತ ಕೂಡುತ್ತಿದ್ದರು. ತೊಂಬತ್ತಮೂರರ ಭೂಕಂಪದಲ್ಲಿ ದಾಳಿಂಬದ ನಮ್ಮ ಹಳೆಯ ಮನೆ ಬಿದ್ದ ಮೇಲೆ ಅತ್ತೆ ಹೊಲದಲ್ಲಿ ದನಕ್ಕೆಂದು ಒಂದು ಕೊಟ್ಟಿಗೆ ಕಟ್ಟಿಸಿದ್ದರು. ಎದೆಮಟ್ಟದ ಕಲ್ಲುಗೋಡೆ, ಅದರ ಮೇಲೆ ಕಬ್ಬಿಣದ ಕಂಬ, ಮೇಲೆ ತಗಡಿನ ಪತ್ರಾ. ನಮ್ಮವರ ಕಣ್ಣು ಅದರ ಮೇಲೆ ಬಿದ್ದಿತ್ತು.

ಅತ್ತೆ ಯೋಚಿಸಿ ಕೇಳಿದರು: "ಶ್ರೀಮಂತರು ಕೊಟಗ್ಯಾಗ ಇದ್ರ ದನಾ ಎಲ್ಲಿ ಇರ್ತಾವ?"

"ದನಾ ಹೊರಗ."

"ಪಾಪ, ಅವೇನು ತಪ್ಪು ಮಾಡಿದ್ದವು? ನನ್ನ ತವರಮನ್ಯಾಗ ದನಾನೂ ಒಳಗ, ನಾವೂ ಒಳಗ. ಹಂಗಾದ್ರ ನಮ್ಮಪ್ಪ ಫಾರಿನ್‌ದವರಕಿಂತಾ ಶ್ರೀಮಂತ ಇದ್ದ ಅನ್ನು."

ಉದಗೀರದ ಗೌಂಡಿ

ಗೋಡೆಯನ್ನು ಎತ್ತರಿಸಲು, ಅಡುಗೆಗೆ ಒಂದು ಮರೆ ಕಟ್ಟಲು ಉಮರ್ಗಾದ ಗೌಂಡಿಯನ್ನು ಕರೆದೆವು. ಊರಲ್ಲಿ ಹೆಸರಿದ್ದ ಕೆಲಸಗಾರ. ನಮ್ಮವರು ಮೊದಲೇ ತಾಕೀತು ಮಾಡಿದರು: "ಗೋಡಿಗಿ ಸಿಮೆಂಟ್ ಗಿಲಾವ ಮಾಡಬ್ಯಾಡ. ಕಲ್ಲು ಕಾಣಬೇಕು. ಗೋಡಿ ಸ್ವಲ್ಪ ಸೊಟ್ಟ ಇರಲಿ. ನೋಡಿದವರಿಗಿ ಹಳೇದು ಅನಸಬೇಕು."

ಗೌಂಡಿ ಕರಣೆ ಕೆಳಗಿಟ್ಟ. "ಸಾಹೇಬ್ರ, ಮಂದಿ ಹಳೇದು ಹೊಸಾದು ಮಾಡು ಅಂತಾರ. ನೀವು ಹೊಸಾದು ಹಳೇದು ಮಾಡು ಅಂತೀರಿ. ನಾ ಯಾವ ಕಡಿಂದ ಸುರು ಮಾಡ್ಲಿ?"

ನಮ್ಮವರು ಬೇಡಿಕೊಂಡರು, ಗದರಿಸಿದರು, ಮೊಬೈಲು ತೋರಿಸಿದರು. ಗೌಂಡಿ ಕಟ್ಟಿದ, ಆದರೆ ಮುಖ ಗಂಟು ಹಾಕಿಕೊಂಡೇ ಕಟ್ಟಿದ. ಒಂದೊಂದು ಕಲ್ಲು ಸೊಟ್ಟಗಿಡುವಾಗಲೂ "ಶಿವಾ ಶಿವಾ" ಅನ್ನುತ್ತಿದ್ದ. ನನಗೆ ಅವನನ್ನು ನೋಡಿ ಕನಿಕರ ಬರುತ್ತಿತ್ತು. ಕೆಲಸ ಮುಗಿದ ದಿನ ಅವನು ನನ್ನ ಹತ್ತಿರ ಬಂದು ಕೈ ಮುಗಿದ.

"ಅಕ್ಕಾವ್ರ, ಒಂದು ಉಪಕಾರ ಮಾಡ್ರಿ. ಯಾರರೇ ಕೇಳಿದ್ರ ಈ ಗೋಡಿ ನಾ ಕಟ್ಟೀನಿ ಅಂತ ಹೇಳಬ್ಯಾಡ್ರಿ. ಉದಗೀರದ ಗೌಂಡಿ ಕಟ್ಟ್ಯಾನ ಅಂತ ಹೇಳ್ರಿ."

ಒಂದೇ ಗಾಲಿ

ಆಮೇಲೆ ನಮ್ಮವರು ಎಲ್ಲಿಂದಲೋ ಹಳೆಯ ಎತ್ತಿನ ಗಾಡಿಯ ಗಾಲಿಯೊಂದನ್ನು ತಂದರು. ಅದಕ್ಕೆ ಸುತ್ತಲೂ ಬಲ್ಬು ಕಟ್ಟಿಸಿ, ಸರಪಳಿ ಹಾಕಿ, ನಡುಮನೆಯಲ್ಲಿ ಮೇಲೆ ತೂಗುಹಾಕಿದರು. ಕೆಳಗೆ ಕುರ್ಚಿಗಳನ್ನು ಬಸ್ಸಿನ ಸೀಟಿನ ಹಾಗೆ ಎರಡು ಸಾಲು ಇಟ್ಟರು, ನಡುವೆ ಓಡಾಡಲು ಜಾಗ ಬಿಟ್ಟರು.

ನಮ್ಮ ಕಡೆ ಭೂಕಂಪ ನೋಡಿದ ಮಂದಿಗೆ ಒಂದು ಚಾಳಿ. ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾರೆ, ಆಮೇಲೆ ಯಜಮಾನನ ಮುಖ ನೋಡುತ್ತಾರೆ. ಅತ್ತೆ ಒಳಗೆ ಬಂದರು, ಮೇಲೆ ನೋಡಿದರು, ಕುರ್ಚಿ ಎಳೆದುಕೊಂಡು ಗೋಡೆಯ ಪಕ್ಕಕ್ಕೆ ಹೋಗಿ ಕುಳಿತರು. ಅವರನ್ನು ನೋಡಿ ನಾನೂ ಎಳೆದುಕೊಂಡೆ. ಹಾಲು ಕೊಡಲು ಬಂದ ಪಕ್ಕದ ಹೊಲದ ಮಾಮಾ ಅಂತೂ ಬಾಗಿಲಲ್ಲೇ ನಿಂತರು. ಅಷ್ಟು ದೊಡ್ಡ ದೀಪದ ಕೆಳಗೆ ಅವರ ನಾಯಿ ಮಾತ್ರ ಹಾಯಾಗಿ ಮಲಗಿತ್ತು.

"ಸರಪಳಿ ಗಟ್ಟಿ ಅದ ಅವ್ವಾ," ಅಂದರು ನಮ್ಮವರು.

"ನಮ್ಮ ತೊಲಿನೂ ಗಟ್ಟಿನ ಇತ್ತಪ್ಪಾ," ಅಂದರು ಅತ್ತೆ.

ಹಳೆಯ ಮನೆಯ ಆ ತೊಲೆಯ ಕೆಳಗಿಂದಲೇ ಅತ್ತೆಯನ್ನು ಎಳೆದು ತೆಗೆದಿದ್ದರು. ಎಳೆದವರಲ್ಲಿ ನಮ್ಮವರೂ ಒಬ್ಬರು. ಅವರು ಏಣಿ ತಂದು ಗಾಲಿ ಇಳಿಸಿದರು. ಅದನ್ನು ಹೊರಗೆ ಬಾಗಿಲ ಪಕ್ಕಕ್ಕೆ ಒರಗಿಸಿಟ್ಟರು.

ಮರುದಿನ ಪಕ್ಕದ ಹೊಲದ ಮಾಮಾ ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಕಂಡಕ್ಟರ್ ಸಾಹೇಬ್ರ, ಇನ್ನೊಂದು ಗಾಲಿ ಯಾವಾಗ ಬರ್ತದ?"

"ಒಂದ ಸಾಕು ಮಾಮಾ. ಚಂದಕ್ಕ ಇಟ್ಟೀನಿ."

ಮಾಮಾ ನಿಟ್ಟುಸಿರು ಬಿಟ್ಟರು. "ನೌಕರಿದಾಗ ಇದ್ದಾಗ ನಿಮ್ಮ ಬುಡಕ ಆರು ಗಾಲಿ ಇದ್ದವು. ರಿಟೈರ್ ಆದಮ್ಯಾಲ ಒಂದ ಗಾಲಿಗಿ ಬಂತು ನೋಡ್ರಿ ಜಿಂದಗಿ."

ಪಾಸ್ ಹೋಲ್ಡರ್

ಕೊಟ್ಟಿಗೆಯ ಒಂದು ಗೋಡೆಗೆ ಹೊಂದಿ ಉದ್ದಕ್ಕೆ ಕಲ್ಲಿನ ಗೋದಲಿ ಇತ್ತು, ದನಕ್ಕೆ ಮೇವು ಹಾಕುವ ತೊಟ್ಟಿ. ಅದನ್ನು ಒಡೆಯಬಾರದು, ಅದೇ ಈ ಮನೆಯ ಜೀವಾಳ ಅಂತ ನಮ್ಮವರ ಹಟ. ಗೋಣಿಚೀಲದ ದಿಂಬು ಹೊಲಿಸಿ, ಒಳಗೆ ಹತ್ತಿ ತುಂಬಿದರೆ ಪೇಟೆಯದಾಗುತ್ತದೆ ಅಂತ ತೊಗರಿ ಹೊಟ್ಟು ತುಂಬಿ, ಗೋದಲಿಯಲ್ಲಿ ಸಾಲಾಗಿ ಜೋಡಿಸಿದರು. ಅದರ ಮೇಲಿದ್ದ ಸಣ್ಣ ಕಿಟಕಿ ತೋರಿಸಿ, "ಇದು ವಿಂಡೋ ಸೀಟ್. ಬೀಗತಿಗಿ ಇಲ್ಲೇ ಕೂಡಸೋಣ," ಅಂದರು.

ಆ ಗೋದಲಿಯ ಹಕ್ಕುದಾರಳು ನಮ್ಮ ಎಮ್ಮೆ. ಮಾಮಾ ಅದನ್ನು ಮೇಯಿಸಿ, ಹಾಲು ಹಿಂಡಿ ನೋಡಿಕೊಳ್ಳುತ್ತಿದ್ದರು. ಕೊಟ್ಟಿಗೆ ಮನೆಯಾದ ಮೇಲೆ ಅದನ್ನು ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ್ದರು. ಆದರೆ ಎಮ್ಮೆಗೆ ಮನೆ ಬದಲಾದ ಸುದ್ದಿ ಯಾರು ಹೇಳಬೇಕು?

ಸಂಜೆ ನಾವು ಚಹಾ ಕುಡಿಯುತ್ತ ಕುಳಿತಿದ್ದೆವು. ಎಮ್ಮೆ ಹಗ್ಗ ಕಿತ್ತುಕೊಂಡು ನೆಟ್ಟಗೆ ಒಳಗೆ ಬಂತು. ನಾವು ಎದ್ದು ದಾರಿ ಬಿಟ್ಟೆವು. ಅದು ಎರಡು ಸಾಲು ಕುರ್ಚಿಗಳ ನಡುವೆ, ಒಂದಕ್ಕೂ ತಾಗದೆ, ತನ್ನ ಜಾಗಕ್ಕೆ ಹೋಗಿ ನಿಂತಿತು. ಮೂಸಿ ನೋಡಿತು. ತೊಗರಿ ಹೊಟ್ಟು ಅಂದರೆ ಅದಕ್ಕೆ ಪಂಚಪ್ರಾಣ. ಮೊದಲನೆಯ ದಿಂಬು ಹರಿಯಿತು.

"ಏಯ್ ಇಳಿ! ಇಳಿ ಕೆಳಗ!" ಅಂತ ನಮ್ಮವರು ಹಳೆಯ ಅಭ್ಯಾಸದಲ್ಲಿ ಕೂಗಿದರು. ಮಾಮಾ ಓಡಿ ಬಂದು ಹಗ್ಗ ಜಗ್ಗಿದರು. ಎಮ್ಮೆ ನಾಲ್ಕು ಕಾಲೂರಿ ನಿಂತು ಎರಡನೆಯ ದಿಂಬಿಗೆ ಬಾಯಿ ಹಾಕಿತು. ಅತ್ತೆ, "ತಿನ್ನಲಿ ಬಿಡ್ರೋ, ಹಸದದ," ಅಂದರು.

ಕೊನೆಗೆ ನಮ್ಮವರು ಸೋತು ಕೈಬಿಟ್ಟರು. "ಬಿಡ್ರಿ ಮಾಮಾ. ಆಕಿ ಪಾಸ್ ಹೋಲ್ಡರ್ ಅದಾಳ. ನಾವ ನಿಂತ ಹೋಗೋಣ."

ಬೀಗರು

ಬೀಗರು ಬರುವ ದಿನ ನಾನು ಬೆಳಗಿನಿಂದಲೂ ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದೆ. ಮಗಳು ಕನ್ನಡಿ ಮುಂದೆ ಮೂರು ಸಲ ಸೀರೆಯ ನೆರಿಗೆ ಬಿಚ್ಚಿ ಕಟ್ಟಿದಳು. ಈ ಹುಡುಗ ಕೈತಪ್ಪಿದರೆ ಅವಳು ಇನ್ನೊಬ್ಬನನ್ನು ನೋಡುವುದಿಲ್ಲ ಅಂತ ನನಗೆ ಗೊತ್ತಿತ್ತು.

ಹುಡುಗ, ಅವನ ತಂದೆ, ತಾಯಿ, ಮೂವರೇ ಬಂದರು. ತಾಯಿ ಹೊಸಿಲು ದಾಟಿ ಮೊದಲು ಮೇಲೆ ನೋಡಿದರು, ಪತ್ರಾ. ಗೋಡೆ ನೋಡಿದರು, ಗಿಲಾವ ಇಲ್ಲದ ಸೊಟ್ಟ ಕಲ್ಲು. ದಿಂಬು ನೋಡಿದರು, ಗೋಣಿಚೀಲ. ಮೂಲೆಯಲ್ಲಿ ಕಂದೀಲು. ನಮ್ಮವರು ಬೇಕಂತಲೇ ಹುಡುಕಿ ತಂದಿದ್ದ, ಅಂಚು ಸಿಡಿದ ಹಳೆಯ ಮಗ್ಗುಗಳಲ್ಲಿ ನಾನು ಚಹಾ ಕೊಟ್ಟೆ. ಹುಡುಗನ ತಾಯಿ ಮಗ್ಗು ಹಿಡಿದುಕೊಂಡೇ ಕುಳಿತರು, ಕುಡಿಯಲಿಲ್ಲ. ನೋಡಿದರೆ ಕಣ್ಣಲ್ಲಿ ನೀರು.

ಇದೂ ಹೋಯಿತು ಅಂದುಕೊಂಡೆ.

ಅವರು ನನ್ನ ಕೈ ಹಿಡಿದರು. "ಅಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಭೂಕಂಪದಾಗ ನಮ್ಮ ಮನೀನೂ ಬಿದ್ದಿತ್ತು. ಈ ನನ್ನ ಮಗ ಹುಟ್ಟಿದ್ದ ಪತ್ರಾ ಶೆಡ್ಡಿನಾಗ. ಆದ್ರ ನಮಗ ಸರಕಾರದ ಮನಿ ಸಿಕ್ಕು ಜಮಾನಾ ಆಯ್ತು. ನಿಮಗ ಇನ್ನಾ ಸಿಕ್ಕಿಲ್ಲೇನು?"

ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು. "ನಮಗ ಏನೂ ಬ್ಯಾಡ್ರಿ. ಲಗ್ನಾ ಉದಗೀರದಾಗ ನಾವ ಮಾಡ್ತೀವಿ. ನೀವು ಹುಡುಗಿನ್ನ ಕರಕೊಂಡು ಬರ್ರಿ, ಅಷ್ಟ ಸಾಕು."

ಸುಮ್ಮನೆ ತಲೆಯಾಡಿಸಿದ್ದರೆ ಮದುವೆಯೇ ಗೊತ್ತಾಗಿಹೋಗುತ್ತಿತ್ತು. ನಮ್ಮವರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಮಾತಾಡಿದವಳು ಮಗಳು.

"ಇಲ್ಲರೀ. ನಮಗ ಉಮರ್ಗಾದಾಗ ಮನಿ ಅದ. ಎರಡ ಖೋಲಿದು. ಸಣ್ಣದದ ಅಂತ ಮೊದಲ ಒಬ್ಬರು ಎದ್ದು ಹೋಗ್ಯಾರ. ನೀವೂ ಹಂಗ ಹೋಗಬಾರದು ಅಂತ ಅಪ್ಪಾ ಇದನ್ನ ಮಾಡ್ಯಾರ, ನಿಮಗ ಚಂದ ಕಾಣಲಿ ಅಂತ. ಪಾಪ ಅಂತ ನನಗ ತೊಗೊಂಡು ಹೋಗಬ್ಯಾಡ್ರಿ. ಮನಸಿದ್ರ ತೊಗೊಂಡು ಹೋಗ್ರಿ."

ಹುಡುಗ ತಾಯಿಯ ಕಡೆಗೇ ನೋಡುತ್ತ ಕುಳಿತಿದ್ದ, ಪಾಪ, ಪರೀಕ್ಷೆಯ ರಿಸಲ್ಟು ಅವನದೂ ಇತ್ತಲ್ಲ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪತ್ರಾದ ಬುಡಕ ಹುಟ್ಟಿದ ಹುಡುಗಗ ಎರಡು ಖೋಲಿ ಮನಿ ಹುಡುಗಿ ಸಿಕ್ಕಾಳಂದ್ರ ಅದು ದೊಡ್ಡ ಮನಿ ಸಂಬಂಧನ ಆಯ್ತಲ್ಲವ್ವಾ. ಮನಿ ಹ್ಯಾಂಗರೇ ಇರಲಿ. ಇಂಥಾ ಖರೇ ಮಾತಾಡೋ ಹುಡುಗಿನ್ನ ನಾ ಬಿಟ್ಟು ಹೋಗಂಗಿಲ್ಲ." ಅತ್ತೆ ತಂದಿಟ್ಟಿದ್ದ ತಟ್ಟೆಯಿಂದ ಸಕ್ಕರೆ ತೆಗೆದು ಮಗಳ ಬಾಯಿಗೆ ಹಾಕಿದರು, ಹಣೆಗೆ ಕುಂಕುಮ ಹಚ್ಚಿದರು. ನಾನು ಅಳುವುದನ್ನು ಮುಚ್ಚಿಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಮ್ಮವರಿಗೆ ಮಾತ್ರ ಒಂದು ನೋವು ಒಳಗೇ ಕೊರೆಯುತ್ತಿತ್ತು. ಅಷ್ಟು ಕಷ್ಟಪಟ್ಟು ಮಾಡಿದ ಫ್ಯಾಶನ್ನು ಭೂಕಂಪದ ಶೆಡ್ಡಿನ ಹಾಗೆ ಕಂಡಿತಲ್ಲ! ಕಿಸೆಯಿಂದ ಮೊಬೈಲು ತೆಗೆದು ಬೀಗತಿಯ ಕೈಗೇ ಕೊಟ್ಟರು.

"ನೋಡ್ರಿ, ನಿಮಗ ಗೊತ್ತಾಗಲಿ. ಇವೆಲ್ಲಾ ಫಾರಿನ್ ಮನಿ. ಇದನ್ನ ನೋಡೇ ನಾ ಮಾಡೀನಿ."

ಅವರು ಚಷ್ಮಾ ಏರಿಸಿಕೊಂಡು ಒಂದೊಂದೇ ಚಿತ್ರ ಸರಿಸಿದರು. ಗಿಲಾವ ಇಲ್ಲದ ಗೋಡೆ. ಪತ್ರಾ. ಕಂದೀಲು. ಗೋಣಿಚೀಲದ ಮೇಲೆ ಕುಳಿತು ಹಾಲು ಕುಡಿಯುವ ಬಿಳೀ ಕೂಸು. ಒಂದೊಂದಕ್ಕೂ ಲೊಚಗುಟ್ಟುತ್ತ ಹೋದರು. ಕೊನೆಗೆ ಎರಡೂ ಕೈಯಿಂದ ಮೊಬೈಲು ವಾಪಸು ಕೊಡುವಾಗ ಅವರ ಕಣ್ಣು ಮತ್ತೆ ತುಂಬಿತ್ತು.

"ಪಾಪ ರೀ... ಅಲ್ಲಿನೂ ಭೂಕಂಪ ಆಗಿತ್ತೇನು?"

ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಹುಡುಗ ನೆಲ ನೋಡತೊಡಗಿದ. ನಮ್ಮವರು ಮೊಬೈಲು ನೋಡಿದರು, ಆಮೇಲೆ ಆ ತಾಯಿಯ ಒದ್ದೆ ಕಣ್ಣು ನೋಡಿದರು. ಮೊಬೈಲು ಆರಿಸಿ ಕಿಸೆಯಲ್ಲಿಟ್ಟರು.

"ಹೂಂನ್ರಿ ಬೀಗತಿ," ಅಂದರು. "ಭಾಳ ಜೋರ ಆಗಿತ್ತು."