ಹತ್ತಿಯಂಥ ಸನ್ನ

ಆದರ್ಶ ಕ್ರೈಸ್ತ ಕುಟುಂಬ ಹೇಗಿರಬೇಕೆಂದು ತೋರಿಸಿಕೊಡಲು ದೇವರು ಭೂಮಿಯ ಮೇಲೆ ಯಾರನ್ನಾದರೂ ಆರಿಸಿದ್ದರೆ ಅದು ನನ್ನನ್ನೇ ಎಂಬ ವಿಷಯದಲ್ಲಿ, ಹೋದ ಜನವರಿಯವರೆಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ!

ನಾನು ಮೂಡಿಗೆರೆ ಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಇಪ್ಪತ್ತೆರಡು ವರ್ಷ ಊರವರ ಹೆಸರಿನ ಮುಂದೆ ರೈಟ್ ಮಾರ್ಕು ಹಾಕಿ ಹಾಕಿ, ನಾನು ಹೇಳಿದ್ದೆಲ್ಲ ರೈಟು ಎಂಬ ಕಾಯಿಲೆ ಅಂಟಿಕೊಂಡಿದೆ. ಹೆಂಡತಿ ಸೆವ್ರಿನ್ ಪ್ರೈಮರಿ ಶಾಲೆ ಟೀಚರ್. ನನ್ನ ರೈಟುಗಳ ಮೇಲೆಲ್ಲ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆಯುವುದು ಅವಳ ಕೆಲಸ. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ. ಪಕ್ಕದ ಮನೆಯ ಗಿಡ್ಡಮ್ಮನಿಗೂ ಅರ್ಥವಾಗಬೇಕು, ನಾಳೆ ಸಾಕ್ಷಿ ಹೇಳಲು ಒಬ್ಬರು ಬೇಕು ಎಂಬುದು ಸೆವ್ರಿನ್‌ಳ ದೂರದೃಷ್ಟಿ.

ಕ್ರಿಸ್ಮಸ್ ಮುಗಿದ ಮೊದಲ ಭಾನುವಾರ ನಮ್ಮ ಚರ್ಚಿನ ಫಾದರ್ ಎಲಿಯಾಸ್ ಒಂದು ಹೊಸ ಏರ್ಪಾಡು ಪ್ರಕಟಿಸಿದರು. ತಿಂಗಳಿಗೆ ಒಂದು ಮನೆಯಲ್ಲಿ 'ಕುಟುಂಬ ಸಂಜೆ'. ವಾರ್ಡಿನ ಹತ್ತು ಹದಿನೈದು ಜನ ಸೇರುವುದು, ಜಪಸರ ಹೇಳುವುದು, ಟಿವಿ ಮೊಬೈಲು ಮುಟ್ಟದೆ ಒಳ್ಳೆಯ ಮನರಂಜನೆ, ಆಮೇಲೆ ಮನೆಯಲ್ಲೇ ಮಾಡಿದ ಊಟ. ಯಾರು ಮೊದಲು ಎಂದು ಫಾದರ್ ಕೇಳಿದರು. ಇಡೀ ಚರ್ಚು ತನ್ನ ತನ್ನ ಚಪ್ಪಲಿ ನೋಡತೊಡಗಿತು.

ಹೇಡಿಗಳು! ನಾನು ಎದ್ದು ನಿಂತೆ.

"ಫಾದರ್, ಇವತ್ತಿನ ಮನೆಗಳಲ್ಲಿ ಏನಿದೆ? ಗಂಡ ಒಂದು ಮೊಬೈಲು, ಹೆಂಡತಿ ಒಂದು ಮೊಬೈಲು. ಅಡುಗೆಮನೆ ಇರೋದು ಪಾರ್ಸೆಲ್ ಪೊಟ್ಟಣ ಬಿಚ್ಚೋಕೆ! ನಮ್ಮ ಮನೆ ಹಾಗಲ್ಲ. ಭಾನುವಾರ ಬಂತೆಂದರೆ ನಮ್ಮಲ್ಲಿ ಅಡುಗೆ ನಂದೇ. ನನ್ನ ಸನ್ನ ತಿಂದು ನೋಡಿ. ಹತ್ತಿ ಫಾದರ್, ಹತ್ತಿ!"

ಸನ್ನ ಎಂದರೆ ನಮ್ಮವರ ಇಡ್ಲಿ. ಕಳ್ಳು ಹಾಕಿ ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದ ಮೆತ್ತನೆಯ ತಿಂಡಿ. ಹಂದಿ ಮಾಂಸದ ಸಾರಿಗೆ ಅದೇ ಜೋಡಿ. ನಾನು ಅದನ್ನು ಜೀವಮಾನದಲ್ಲಿ ಸಾವಿರಾರು ತಿಂದಿದ್ದೆ. ಒಂದನ್ನೂ ಮಾಡಿರಲಿಲ್ಲ.

ಹೊರಗೆ ಬಂದ ಕೂಡಲೇ ಸೆವ್ರಿನ್ ಕನ್ನಡಕ್ಕೆ ಇಳಿದಳು.

"ಭಾನುವಾರದ ಅಡುಗೆ ನಿಮ್ದಾ? ಯಾವ ಇಸವೀಲಿ?"

"ಮಾಡಿ ತೋರಿಸ್ತೀನಿ. ಅಡುಗೆ ಏನು ಬ್ರಹ್ಮವಿದ್ಯೆಯಾ?"

"ಸರಿ. ನಾನು ಅಡುಗೆಮನೆಗೆ ಕಾಲೂ ಇಡಲ್ಲ. ಜಗಲಿ ಮೇಲೆ ಪೇಪರ್ ಓದ್ತಾ ಕೂತಿರ್ತೀನಿ. ನನ್ನ ಕರೀಬೇಡಿ."

"ಕರೆದರೆ ನನ್ನ ಹೆಸರು ಇಗ್ನೇಷಿಯಸ್ ಲಸ್ರಾದೊ ಅಲ್ಲ!"

ಮನರಂಜನೆಯ ವಿಷಯದಲ್ಲೂ ನನಗೆ ಸಾಧಾರಣವಾದದ್ದು ಹಿಡಿಸುವುದಿಲ್ಲ. ಅಂತ್ಯಾಕ್ಷರಿ, ಮ್ಯೂಸಿಕಲ್ ಚೇರು, ಥೂ! ನಾಟಕ ಆಡುವುದೆಂದು ನಿಶ್ಚಯಿಸಿದೆ. ಕುರಿ ಕಾಯುವ ಹುಡುಗ ದಾವೀದ ಕವಣೆಯ ಒಂದೇ ಕಲ್ಲಿನಿಂದ ದೈತ್ಯ ಗೊಲ್ಯಾತನನ್ನು ಉರುಳಿಸಿದ ಬೈಬಲಿನ ಕಥೆ. ಪಿಯುಸಿ ಓದುವ ಮಗಳು ಮೋನಿಕಾ ದಾವೀದ. ಗೊಲ್ಯಾತ ನಾನು. ದೈತ್ಯನಿಗೆ ಬೇಕಾದ ಧ್ವನಿ, ಗಾಂಭೀರ್ಯ, ಹೊಟ್ಟೆ ಮೂರೂ ನನ್ನ ಬಳಿ ಸಿದ್ಧವಾಗಿದ್ದವು.

"ಪಪ್ಪಾ, ಕಲ್ಲಿಗೆ ಏನು ಮಾಡೋದು? ಹತ್ತಿ ಉಂಡೆ ಕಟ್ಲಾ?" ಎಂದಳು ಮೋನಿಕಾ.

"ಹತ್ತಿ ಯಾಕೆ? ನನ್ನ ಸನ್ನಾನೇ ಎಸಿ! ಹಣೆಗೆ ಮೆತ್ತಗೆ ತಾಗಿ ಬೀಳುತ್ತೆ. ಎಲ್ಲರಿಗೂ ನಗು. ನನ್ನ ಸನ್ನ ಎಷ್ಟು ಮೃದು ಅಂತ ಫಾದರಿಗೂ ಗೊತ್ತಾಗುತ್ತೆ."

ಜಗಲಿಯಿಂದ ಪೇಪರಿನ ಹಿಂದೆ ಒಂದು ಕೆಮ್ಮು ಕೇಳಿಸಿತು. ನಾನು ಗಮನಿಸಲಿಲ್ಲ.

ಕುಟುಂಬ ಸಂಜೆಯ ಹಿಂದಿನ ದಿನ, ಶನಿವಾರ, ಹಿಟ್ಟು ರುಬ್ಬಿದೆ. ಮೂಡಿಗೆರೆಯಲ್ಲಿ ಕಳ್ಳು ಸಿಗುವುದಿಲ್ಲ, ಈಸ್ಟ್ ಹಾಕಿ ಎಂದು ಸೆವ್ರಿನ್ ಜಗಲಿಯಿಂದಲೇ ಹೇಳಿದಳು.

"ಈಸ್ಟಾ? ಆ ಅಂಗಡಿ ಪುಡಿನಾ? ನಮ್ಮಜ್ಜಿ ಹಾಕ್ತಿದ್ರಾ?"

"ನಿಮ್ಮಜ್ಜಿ ಕಳ್ಳು ಹಾಕ್ತಿದ್ರು. ಅದೂ ಮಂಗಳೂರಿನ ಸೆಕೇಲಿ. ಇದು ಮೂಡಿಗೆರೆ. ಜನವರಿ ಚಳಿ. ಬರೀ ಹಿಟ್ಟು ಉಬ್ಬಲ್ಲ."

"ಪ್ರಾರ್ಥನೆ ಮಾಡಿ ಮುಚ್ಚಿಡ್ತೀನಿ. ತಾನಾಗೇ ಉಬ್ಬುತ್ತೆ."

"ಈ ಮನೇಲಿ ತಾನಾಗೇ ಉಬ್ಬೋದು ನೀವೊಬ್ಬರೇ!"

ಅವಿಶ್ವಾಸಿ! ನಾನು ಪಾತ್ರೆಯ ಮೇಲೆ ಶಿಲುಬೆಯ ಗುರುತು ಹಾಕಿ ಮುಚ್ಚಿಟ್ಟೆ.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಮುಚ್ಚಳ ತೆಗೆದೆ. ಹಿಟ್ಟು ಎಲ್ಲಿತ್ತೋ ಅಲ್ಲೇ ಇತ್ತು. ಒಂದು ಗುಳ್ಳೆ ಇಲ್ಲ, ಒಂದು ಉಸಿರಿಲ್ಲ. ತಪಸ್ಸಿಗೆ ಕೂತ ಋಷಿಯಂತೆ ನಿಶ್ಚಲ! ಬಿಸಿಗೆ ಉಬ್ಬಬಹುದೆಂದು ಅಚ್ಚಿಗೆ ಹೊಯ್ದು ಬೇಯಿಸಿದೆ. ಉಬ್ಬಲಿಲ್ಲ. ಇನ್ನೂ ಒಂದು ಗಂಟೆ ಬೇಯಿಸಿದೆ. ಬಿಗಿದುಕೊಂಡವು. ನಲವತ್ತು ಸನ್ನಗಳನ್ನೂ ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ ಬಿಸಿಯಾಗಿರಲೆಂದು ಸಾಲಾಗಿ ಇಟ್ಟೆ. ಅಲ್ಲಿ ಅವು ಬೆಚ್ಚಗಿರುವ ಬದಲು, ಕಣದಲ್ಲಿ ಹರಡಿದ ಕಾಫಿ ಬೀಜದಂತೆ ಸಂಜೆಯವರೆಗೂ ಒಣಗಿದವು. ನಾಲ್ಕು ಗಂಟೆಗೆ ಒಂದನ್ನು ತೆಗೆದು ಕಚ್ಚಿದೆ. ಹಲ್ಲು ಶರಣಾಯಿತು. ಸನ್ನ ಆಗಲಿಲ್ಲ.

ಈಗಲಾದರೂ ಜಗಲಿಗೆ ಹೋಗಿ "ಸೆವ್ರಿನ್, ಕೆಟ್ಟೆ!" ಎನ್ನಬೇಕಿತ್ತು. ಎನ್ನುತ್ತೇನೆಯೇ? ಅಡುಗೆಮನೆಯ ಚಿಲಕ ಹಾಕಿದೆ. ಸನ್ನಗಳ ಮೇಲೆ ಒಂದು ಒದ್ದೆ ಬಟ್ಟೆ ಹೊದಿಸಿ, ಮೆದುವಾಗಿರೆಂದು ಸಂತ ಅಂತೋಣಿಯವರಿಗೆ ಒಪ್ಪಿಸಿದೆ. ಅವರು ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು. ಕೆಟ್ಟುಹೋದದ್ದು ಅವರ ಖಾತೆಯಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಇನ್ನೊಂದು ಒಲೆಯ ಮೇಲೆ ಹಂದಿ ಸಾರು ಬೇಯುತ್ತಿರುವಾಗ ಹಿತ್ತಿಲ ಬಾಗಿಲಲ್ಲಿ ಗಿಡ್ಡಮ್ಮ ಬಂದು ನಿಂತಳು. ನಮ್ಮ ಎಸ್ಟೇಟಿನಲ್ಲೇ ಮೂವತ್ತು ವರ್ಷ ಕಾಫಿ ಕುಯ್ದವಳು. ಹಂದಿ ಸಾರಿನಲ್ಲಿ ಅವಳ ಕೈಗೆ ಮೂಡಿಗೆರೆಯಿಂದ ಕಳಸದವರೆಗೆ ಎದುರಿಲ್ಲ ಎಂದು ಜನ ಹೇಳುತ್ತಾರೆ. ಜನಕ್ಕೇನು, ಏನಾದರೂ ಹೇಳುತ್ತಾರೆ.

"ರೈಟ್ರೇ, ಹಂದಿ ತಳ ಹಿಡೀತಾ ಉಂಟು. ವಾಸ್ನೆ ನಮ್ಮನೆ ತಂಕ ಬಂತು. ಬೆಂಕಿ ಎಳೀರಿ ಮಾರಾಯ್ರೆ."

"ಅದು ತಳ ಹಿಡಿದಿದ್ದಲ್ಲ ಗಿಡ್ಡಮ್ಮ, ಹದ! ನಮ್ಮ ಕ್ರಿಶ್ಚಿಯನ್ನರ ಅಡುಗೆ ನಿನಗೆ ತಿಳಿಯಲ್ಲ."

"ಹಂದಿಗೆ ಜಾತಿ ಗೊತ್ತಾ ರೈಟ್ರೇ? ಬೆಂಕಿ ಜಾಸ್ತಿಯಾದ್ರೆ ಎಲ್ರ ಮನೇಲೂ ಸೀಯ್ತದೆ" ಎಂದು ಹೇಳಿ ಹೋದಳು. ಅಹಂಕಾರ ನೋಡಿ ಅವಳದು!

ಐದು ಗಂಟೆಗೆ ಫಾದರ್ ಬಂದರು. ವಾರ್ಡಿನವರು ಬಂದರು. ಸೆವ್ರಿನ್‌ಳ ಅಣ್ಣ ಹಿಲರಿ, ಯಾರು ಎಲ್ಲಿ ಎಡವುತ್ತಾರೆಂದು ನೋಡಲೆಂದೇ ಹುಟ್ಟಿದ ಮನುಷ್ಯ, ಮುಂದಿನ ಸಾಲಿನ ಕುರ್ಚಿ ಹಿಡಿದ. ಗಿಡ್ಡಮ್ಮನೂ ಬೇಲಿಯ ಪಕ್ಕ ಬಂದು ನಿಂತಳು. ಕಾಫಿ ಒಣಗಿಸುವ ಕಣವೇ ರಂಗಮಂಚ. ಜಪಸರ ಸಾಂಗವಾಗಿ ಮುಗಿಯಿತು. ಅದರ ಕೊನೆಯ ಭಾಗವಾದ ಐದನೆಯ ರಹಸ್ಯದ ಹೊತ್ತಿಗೆ ಸೀದ ವಾಸನೆ ಧೂಪದಂತೆ ಎಲ್ಲರನ್ನೂ ಸುತ್ತಿಕೊಂಡಿತ್ತು. ಭಕ್ತಿಯಿಂದ ಯಾರೂ ಏನೂ ಅನ್ನಲಿಲ್ಲ.

ನಾನು ವೇಷ ತೊಟ್ಟು ಹೊರಬಂದೆ. ಗೋಣಿಚೀಲದ ಕವಚ, ಅಲ್ಯೂಮಿನಿಯಂ ಹರಿವಾಣದ ಗುರಾಣಿ, ತಲೆಗೆ ಬೋಗುಣಿಯ ಕಿರೀಟ.

"ಬೋಗುಣಿ ಹಣೆ ಮುಚ್ಚೋ ಹಾಗೆ ಇಟ್ಕೊಳ್ಳಿ" ಎಂದು ಸೆವ್ರಿನ್ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಹಣೆ ಮುಚ್ಚಿದರೆ ಅಭಿನಯ ಎಲ್ಲಿ ಕಾಣ್ಬೇಕು?" ಎಂದು ಬೋಗುಣಿಯನ್ನು ಹಿಂದಕ್ಕೆ ತಳ್ಳಿದೆ.

ಗುಡುಗಿದೆ ನೋಡಿ! "ಎಲೈ ಇಸ್ರೇಲರೇ! ನಿಮ್ಮಲ್ಲಿ ಗಂಡಸೊಬ್ಬನಿದ್ದರೆ ನನ್ನೆದುರು ಬರಲಿ! ಅವನ ಮಾಂಸವನ್ನು ಹದ್ದುಗಳಿಗೆ ಉಣಬಡಿಸುತ್ತೇನೆ!"

"ನಮಗೆ ಯಾವ ಮಾಂಸ ಭಾವ?" ಎಂದ ಹಿಲರಿ ಮೂಗು ಮುಚ್ಚಿಕೊಂಡು. ಜನ ನಕ್ಕರು. ಅಲ್ಪರು!

ಮೋನಿಕಾ ಕಂಬಳಿ ಹೊದ್ದು, ಹೆಗಲಿಗೆ ಚೀಲ ಹಾಕಿ ಬಂದಳು. ಚೀಲದೊಳಗೆ ಅವಳೇ ಅಡುಗೆಮನೆಯಿಂದ ಅವಸರದಲ್ಲಿ ಒದ್ದೆ ಬಟ್ಟೆಯಲ್ಲೇ ಹಿಡಿದು ತುಂಬಿಕೊಂಡ ಐದು ಸನ್ನ. ಕೈ ಹಾಕಿದಳು. ಒಂದನ್ನು ತೆಗೆದಳು. ಅಲ್ಲೇ ನಿಂತಳು. ಬೆರಳಿನಿಂದ ಒತ್ತಿ ನೋಡಿದಳು. ಮುಖ ಬದಲಾಯಿತು.

"ಪಪ್ಪಾ," ಎಂದಳು ಮೆಲ್ಲಗೆ, "ಇದು..."

ಆ ಒಂದು ಕ್ಷಣದಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಸತ್ಯ. ಇನ್ನೊಂದು, ಪೆಟ್ಟು. ಫಾದರ್ ಕುರ್ಚಿಯ ತುದಿಗೆ ಬಂದು, "ಓಹೋ, ಇದೇನಾ ಆ ಹತ್ತಿಯಂಥ ಸನ್ನ?" ಎಂದು ಕುತೂಹಲದಿಂದ ನೋಡುತ್ತಿದ್ದರು. ಹಿಲರಿ ನೋಡುತ್ತಿದ್ದ. ಸೆವ್ರಿನ್ ಪೇಪರ್ ಮಡಿಸಿಟ್ಟು ನೋಡುತ್ತಿದ್ದಳು.

ಸತ್ಯ ಹೇಳುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು.

"ಏನು ನೋಡುತ್ತೀ ಬಾಲಕನೇ? ಹೊಡಿ! ನಿನ್ನ ಶಕ್ತಿಯೆಲ್ಲ ಕೂಡಿಸಿ ಹೊಡಿ!"

ಮೋನಿಕಾ ಕಾಲೇಜಿನ ಥ್ರೋಬಾಲ್ ಟೀಮಿನ ಕ್ಯಾಪ್ಟನ್ ಎಂಬುದನ್ನು ಮೊದಲೇ ಹೇಳಬೇಕಿತ್ತು. ಅಪ್ಪನ ಮಾತು ಮೀರದ ಹುಡುಗಿ. ಕವಣೆ ಬೀಸಿದಂತೆ ಮೂರು ಸುತ್ತು ಕೈ ತಿರುಗಿಸಿ ಎಸೆದಳು.

ಟಣ್!

ಬೋಗುಣಿ ಹಾರಿತು. ಬಾಬಾಬುಡನ್‌ಗಿರಿಯ ಸಾಲು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಓಡಾಡಿತು. ನಾನು ಕಡಿದ ಸಿಲ್ವರ್ ಓಕ್ ಮರದಂತೆ ನೇರವಾಗಿ ಹಿಂದಕ್ಕೆ ಬಿದ್ದೆ.

ಚಪ್ಪಾಳೆ! ಎಂಥ ಚಪ್ಪಾಳೆ! "ಅಬ್ಬಾ, ಎಂಥ ಸಹಜ ಅಭಿನಯ!" ಎಂಬ ಫಾದರ್ ಅವರ ಮಾತು ಎಲ್ಲೋ ಬಾವಿಯೊಳಗಿಂದ ಕೇಳಿದಂತೆ ಕೇಳಿಸಿತು. ನಾನು "ನೀರು..." ಎಂದೆ. "ಸಾಯುವಾಗಲೂ ಡೈಲಾಗ್!" ಎಂದು ಯಾರೋ ಶಿಳ್ಳೆ ಹೊಡೆದರು. ಗೊಲ್ಯಾತನ ತಲೆ ಕಡಿಯಬೇಕಾಗಿದ್ದ ದಾವೀದ ಮಾತ್ರ ಮರದ ಕತ್ತಿ ಹಿಡಿದು ನನ್ನ ಮೇಲೆ ಬಾಗಿ, "ಪಪ್ಪಾ, ನಾಟಕಾನಾ? ನಿಜಾನಾ?" ಎಂದು ಅಳುಬುರುಕು ದನಿಯಲ್ಲಿ ಕೇಳುತ್ತಿದ್ದಳು.

ಕೊನೆಗೆ ಬೈಬಲಿನ ಕಥೆ ಒಂದಕ್ಷರವೂ ಗೊತ್ತಿಲ್ಲದ ಗಿಡ್ಡಮ್ಮನೇ ಬೇಲಿ ದಾಟಿ ಓಡಿಬಂದಳು. "ಅಯ್ಯೋ, ಎಂತ ಚಪ್ಪಾಳೆ ಹೊಡೀತೀರಿ? ರೈಟ್ರ ಹಣೆ ಬಾತ್ಕೊಂಡದೆ ನೋಡ್ರಪ್ಪಾ! ಮನುಷ್ಯ ನಿಜವಾಗ್ಲೂ ಬಿದ್ದವ್ರೆ!"

ಚಪ್ಪಾಳೆ ನಿಂತಿತು. ಸೆವ್ರಿನ್ ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಇಗ್ನೇಷಿಯಸ್, ಇಗ್ನೇಷಿಯಸ್" ಎಂದು ಕೊಂಕಣಿಯಲ್ಲಿ ಕರೆದಳು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅಷ್ಟು ಮೃದುವಾಗಿ ಅವಳು ನನ್ನನ್ನು ಕರೆದದ್ದು ನೆನಪಿಲ್ಲ. ನಾನು ಕಣ್ಣು ತೆರೆದೆ. ಬದುಕಿದ್ದೇನೆಂದು ಖಚಿತವಾದ ಕೂಡಲೇ ಅವಳು ಕನ್ನಡಕ್ಕೆ ಮರಳಿದಳು.

"ನಿಮ್ಮ ಮಂಡೆ ಗಟ್ಟಿ ಅಂತ ಗೊತ್ತಿತ್ತು. ಅದಕ್ಕಿಂತ ಗಟ್ಟಿ ವಸ್ತು ನಮ್ಮ ಅಡುಗೆಮನೇಲಿ ತಯಾರಾಗುತ್ತೆ ಅಂತ ಗೊತ್ತಿರಲಿಲ್ಲ!"

ಅಷ್ಟರಲ್ಲಿ ನನ್ನನ್ನು ಕೆಡವಿದ ಸನ್ನ ಉರುಳಿ ಉರುಳಿ ಫಾದರ್ ಕಾಲ ಬಳಿ ನಿಂತಿತ್ತು. ಒಂದು ಚೂರೂ ಮುಕ್ಕಾಗಿರಲಿಲ್ಲ! ಫಾದರ್ ಅದನ್ನೆತ್ತಿ ಕುರ್ಚಿಯ ಕೈಗೆ ಮೆಲ್ಲಗೆ ಬಡಿದರು. ಟಕ್, ಟಕ್. ಅವರು ಅದನ್ನು ಪೂಜ್ಯಭಾವದಿಂದ ನೆಲದ ಮೇಲೆ ಇಟ್ಟರು.

ಊಟದ ಕಥೆ ಬಹಳ ಹೇಳುವುದಿಲ್ಲ. ಹಂದಿ ಸಾರಿನ ತಳ ಕಲ್ಲಿದ್ದಲಾಗಿತ್ತು. ಗಿಡ್ಡಮ್ಮ ತಳಕ್ಕೆ ಸೌಟು ತಾಗಿಸದೆ ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದು, ಅದೇನೋ ಹುಳಿ, ಅದೇನೋ ಪುಡಿ ಹಾಕಿ ಒಂದು ಕುದಿ ಕುದಿಸಿದಳು. ತನ್ನ ಮನೆಯಿಂದ ಒಂದು ದಬರಿ ತುಂಬ ಬಿಸಿಬಿಸಿ ಅಕ್ಕಿ ಕಡುಬು ತಂದಳು. ಸೀದ ವಾಸನೆಗೇ ನಮ್ಮ ಮನೆಯ ಗತಿ ತಿಳಿದುಕೊಂಡು, ಯಾರೂ ಕೇಳದೆ, ಬೇಯಿಸಿಟ್ಟಿದ್ದಳಂತೆ. ಜನ ಮಾತು ಬಿಟ್ಟು ತಿಂದರು. ಫಾದರ್ ಮೂರು ಸಲ ಹಾಕಿಸಿಕೊಂಡರು.

"ಮನೆ ಅಡುಗೆ ಅಂದ್ರೆ ಇದು ಭಾವ!" ಎಂದ ಹಿಲರಿ ಬೆರಳು ನೆಕ್ಕುತ್ತ. "ಯಾರ ಮನೇದು ಅಂತ ಫಾದರ್ ಏನೂ ಷರತ್ತು ಹಾಕಿರಲಿಲ್ಲ ಬಿಡು."

ಹಣೆಗೆ ಅರಿಸಿನದ ಪಟ್ಟು ಕಟ್ಟಿಸಿಕೊಂಡು ನಾನು ಮೂಲೆಯಲ್ಲಿ ಕೂತಿದ್ದೆ. ಗಿಡ್ಡಮ್ಮ ಎರಡು ಕಡುಬು ತಂದು ಕೈಗಿಟ್ಟಳು. "ತಿನ್ನಿ ರೈಟ್ರೇ. ಮೆತ್ತಗುಂಟು. ಹಲ್ಲಿಗೇನೂ ಆಗಲ್ಲ." ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ನೋಯಿಸಿತು. "ಗಿಡ್ಡಮ್ಮ, ನಾನು ಹಾಗೆ ಮಾತಾಡಬಾರದಿತ್ತು" ಎಂದೆ. "ಎಂತ ಮಾತು? ನಂಗೆ ಮರ್ತೇಹೋಯ್ತು" ಎಂದು ಅವಳು ಬಡಿಸಲು ಹೋದಳು.

ಆ ವಾರವಿಡೀ ನನ್ನ ಮನಸ್ಸು ಕುಟುಕುತ್ತಿತ್ತು. ಶನಿವಾರ ಸಂಜೆ ಪಾಪನಿವೇದನೆಗೆ ಹೋದೆ. ಅಲ್ಲಿ ಹೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ. ನಾನು ಹೇಳಬಹುದು, ನನ್ನದೇ ಪಾಪ ತಾನೆ? ಜಾಲರಿಯ ಈಚೆ ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಂಡೆ. ಚರ್ಚಿನಲ್ಲೇ ನಿಂತು ಸುಳ್ಳು ಹೇಳಿದ್ದು, ನೆರೆಹೊರೆಯವರನ್ನು ಹೀಯಾಳಿಸಿದ್ದು, ಗಿಡ್ಡಮ್ಮನನ್ನು ಕಡೆಗಣಿಸಿದ್ದು, ಹೆಂಡತಿಯ ಮಾತು ಕೇಳದಿದ್ದದ್ದು.

ಆಚೆ ಬದಿಯಲ್ಲಿ ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. ಆಮೇಲೆ ಕೇಳಿದರು:

"ಉಳಿದ ಸನ್ನ ಎಷ್ಟಿವೆ?"

"ಮೂವತ್ತೊಂಬತ್ತು, ಫಾದರ್."

ಮಾಡಿದ ಪಾಪಕ್ಕೆ ತಕ್ಕ ಪ್ರಾಯಶ್ಚಿತ್ತ ಯಾವುದೆಂದು ನನಗೆ ಹೊಳೆದುಬಿಟ್ಟಿತು. ನಾನೇ ಕೇಳಿದೆ:

"ಅಷ್ಟನ್ನೂ ನಾನೇ ತಿನ್ನಬೇಕಾ ಫಾದರ್?"

"ಛೆ ಛೆ, ಏನು ಮಾತು ಮಾರಾಯ್ರೆ!" ಫಾದರ್ ಗಾಬರಿಯಾದರು. "ಆತ್ಮಹತ್ಯೆಯೂ ಪಾಪವೇ. ಹತ್ತು ನಮೋ ಮರಿಯಾ ಜಪ ಹೇಳಿ ಮನೆಗೆ ಹೋಗಿ!"