ಗಗನಗಾಮಿ ಕಳೆದುಕೊಂಡ ಕುರ್ಚಿ

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ ಪದ್ಯ ಸ್ಪರ್ಧೆ ಗೆದ್ದ ಕವಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವುದಿಲ್ಲ. ಕುರ್ಚಿ ಕೊಡುತ್ತಾರೆ. ಕಾರ್ಡಿಗನ್ ಕೋಟೆಯಲ್ಲಿ ದೊರೆಯೊಬ್ಬ ಕವಿಗೆ ಕುರ್ಚಿ ಕೊಟ್ಟ ಕಾಲದಿಂದ ನಡೆದುಬಂದ ಪದ್ಧತಿಯಂತೆ. ಪತ್ರಿಕೆಯ ಕೆಲಸದ ಮೇಲೆ ಹೋಗಿ ಅದನ್ನು ಕಣ್ಣಾರೆ ಕಂಡ ನಾನು, ದೊಡ್ಡಬಳ್ಳಾಪುರದ ನಮ್ಮ ಸಾಹಿತ್ಯ ಬಳಗಕ್ಕೂ ಅದು ಬೇಕೆಂದು ತೀರ್ಮಾನಿಸಿದೆ. ಸಭೆಗೆ ಬಂದಿದ್ದವನು ಕಾರ್ಯದರ್ಶಿಯಾದ ನಾನೊಬ್ಬನೇ. ತೀರ್ಮಾನ ಅವಿರೋಧವಾಗಿತ್ತು.

ಅಲ್ಲಿನ ಕ್ರಮ ಸರಳ. ಕವಿಗಳು ಗುಪ್ತನಾಮದಲ್ಲಿ ಪದ್ಯ ಕಳುಹಿಸಬೇಕು. ವೇದಿಕೆಯಿಂದ ಆ ಹೆಸರು ಕೂಗಿದಾಗ ಗೆದ್ದವರು ಸಭೆಯ ನಡುವೆ ಎದ್ದು ನಿಲ್ಲಬೇಕು. ಆಮೇಲೆ ಭಾರಿ ಕತ್ತಿಯೊಂದನ್ನು ಒರೆಯಿಂದ ಅರ್ಧ ಎಳೆದು, "ಶಾಂತಿ ಇದೆಯೇ?" ಎಂದು ಮೂರು ಸಲ ಕೇಳುತ್ತಾರೆ. ಮೂರು ಸಲವೂ ಸಭೆ ಇದೆ ಎಂದರೆ ಮಾತ್ರ ಕತ್ತಿ ಒರೆಗೆ, ಕವಿ ಕುರ್ಚಿಗೆ.

ಹೊಸ ಕುರ್ಚಿ ಮಾಡಿಸುವ ಶಕ್ತಿ ಬಳಗಕ್ಕಿರಲಿಲ್ಲ. ನಮ್ಮ ಮನೆಯಲ್ಲಿ ತೇಗದ್ದೊಂದಿತ್ತು. ನೇಕಾರರಾಗಿದ್ದ ಮಾವನವರು ಮಾಡಿಸಿ, ಮದುವೆಯಲ್ಲಿ ನನಗೆ ಕೊಟ್ಟದ್ದು. ಅದರ ಮೇಲೆ ಕೂರದೆ ನಾನು ಒಂದು ಸಾಲೂ ಬರೆದವನಲ್ಲ. ಅದನ್ನೇ ಬಹುಮಾನವೆಂದು ಘೋಷಿಸಿದೆ.

"ಅಳಿಯಂದ್ರೇ, ಅವ್ರು ಮಾಡ್ಸಿದ್ ಕುರ್ಚೀನ ಯಾರ್ಗೋ ಕೊಟ್ಬಿಡ್ತೀರಾ?" ಎಂದರು ನಮ್ಮ ಜೊತೆಗೇ ಇರುವ ಅತ್ತೆ, ಪುಟ್ಟಲಕ್ಷ್ಮಮ್ಮನವರು.

"ಎಲ್ಲೂ ಹೋಗಲ್ಲ ಅತ್ತೆ. ಸಾಯಂಕಾಲಕ್ಕೆ ವಾಪಸ್ ಬರುತ್ತೆ."

"ಇವ್ರೇ ಗೆಲ್ತಾರಂತೆ ಕಣಮ್ಮಾ," ಎಂದಳು ಹೆಂಡತಿ ಸುಮಾ, ಅವರೆಕಾಯಿ ಸುಲಿಯುತ್ತ.

ಗೆಲ್ಲುವ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. 'ಗಗನಗಾಮಿ' ಎಂಬ ಹೆಸರಿನಲ್ಲಿ ಪದ್ಯ ಕಳುಹಿಸಿದ್ದೆ. ತೀರ್ಪುಗಾರರು ನೆಲಮಂಗಲದ ನಿವೃತ್ತ ಅಧ್ಯಾಪಕರು, ನನ್ನ ಕೈಬರಹ ಕಂಡವರಲ್ಲ. ನಿಷ್ಪಕ್ಷಪಾತತೆಗೆ ಇನ್ನೇನು ಬೇಕು?

ನೇಕಾರರ ಬೀದಿಯ ಸಭಾಂಗಣ ಪುಕ್ಕಟೆ ಸಿಕ್ಕಿತು. ಮೂರು ಕಡೆಯೂ ವಿದ್ಯುತ್ ಮಗ್ಗಗಳು. ಹುಟ್ಟಿದಾಗಿನಿಂದ ಕೇಳಿದ ಸದ್ದಾದ್ದರಿಂದ ನಮ್ಮೂರಿನವರಿಗೆ ಅದು ಸದ್ದೆಂದೇ ಅನಿಸುವುದಿಲ್ಲ. ನನಗೂ ಅನಿಸಲಿಲ್ಲ. ನೆಲಮಂಗಲದವರಿಗೆ ಅನಿಸಿತು.

"ನನ್ ಗಂಟ್ಲು ಇದಕ್ಕೆ ಸಾಲಲ್ಲ, ತೀರ್ಪು ನೀವೇ ಓದ್ಬಿಡಿ," ಎಂದು ಅವರು ಹಾಳೆಯನ್ನು ನನ್ನ ಕೈಗಿಟ್ಟರು.

ವರದಿಗಾರನಾದವನು ಪದ ಕೈಬಿಡುವಂತಿಲ್ಲ. ಮೈಕಿನಲ್ಲಿ ಗಂಭೀರವಾಗಿ ಓದಿದೆ: "ಗಗನಗಾಮಿಯವರ ಪದ್ಯದಲ್ಲಿ ನಕ್ಷತ್ರಗಳು ವಿಪರೀತ, ಬೆಳಕು ಮಾತ್ರ ಇಲ್ಲ. ಇವರು ಕಾರ್ಯಕ್ರಮ ಸಂಘಟನೆಯಂಥ ಬೇರೆ ಕೆಲಸ ನೋಡಿಕೊಳ್ಳುವುದು ಕ್ಷೇಮ." ಸಭೆ ಚಪ್ಪಾಳೆ ತಟ್ಟಿತು. ಸುಮಾಳದೇ ಜೋರು.

ಮುಂದಿನ ಸಾಲನ್ನೂ ಓದಿದೆ: "ಮಗ್ಗ ನಿಂತ ಮನೆಯ ಕುರಿತು 'ಲಾಳಿ'ಯವರು ಬರೆದ ಪದ್ಯ ಓದಿ ಕನ್ನಡಕ ಒರೆಸಿಕೊಂಡೆ. ಕುರ್ಚಿ ಅವರದು."

"ಲಾಳಿ ಯಾರು? ಎದ್ದು ನಿಲ್ಲಬೇಕು."

ಸಭೆಯ ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

"ಕುರ್ಚಿ ಮನೆ ಬಿಟ್ಟು ಹೋಗ್ಬಾರ್ದು ಅಂತ ಬರ್ದೆ," ಎಂದರು ವೇದಿಕೆ ಹತ್ತುತ್ತ. "ನಿಮ್ಮನ್ನ ನಂಬ್ಕೊಂಡು ಕೂರಕ್ಕಾಗುತ್ತಾ?"

ನಾಟಕ ಕಂಪನಿಯಿಂದ ತಂದ ಕತ್ತಿಯನ್ನು ಅರ್ಧ ಎಳೆದೆ. ಆಗ ನನಗೊಂದು ಆಸೆ ಹುಟ್ಟಿತು. ಶಾಂತಿ ಇಲ್ಲದಿದ್ದರೆ ಕುರ್ಚಿ ಕೊಡುವಂತಿಲ್ಲ. ನಿಯಮವೆಂದರೆ ನಿಯಮ.

"ಶಾಂತಿ ಇದೆಯೇ?"

"ಎಲ್ಲೈತೆ ಸಾರ್? ಮಗ್ಗದ್ ಸದ್ದಲ್ಲಿ ನಿಮ್ ಮಾತೇ ಕೇಳ್ತಿಲ್ಲ," ಎಂದರು ಅದೇ ಬೀದಿಯ ನಯಾಜ್ ಭಾಯ್.

"ಮಗ್ಗ ನಿಮ್ದೇ ಅಲ್ವಾ ಭಾಯ್?"

"ನಂದೇ. ಮದ್ವೆ ಸೀರೆ ಆರ್ಡರು, ಏನ್ಮಾಡ್ಲಿ?"

ಸಭೆ ಒಕ್ಕೊರಲಿನಿಂದ "ಇಲ್ಲ" ಎಂದಿತು. ಎರಡನೆಯ ಸಲ ಇನ್ನಷ್ಟು ಉತ್ಸಾಹದಿಂದ ಕೇಳಿದೆ. "ಇಲ್ಲ." ಇನ್ನೊಂದು 'ಇಲ್ಲ' ಬಂದರೆ ಕುರ್ಚಿ ನನ್ನದೇ. ಮೂರನೆಯ ಸಲ ಬಾಯಿ ತೆರೆದೆ.

ಕರೆಂಟು ಹೋಯಿತು.

ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ಹಿಂದೆ ಯಾರೋ ಟೀ ಹೀರಿದ್ದು ವೇದಿಕೆಗೆ ಕೇಳಿಸಿತು.

"ಈಗೈತೆ ಗುರು!" ಎಂದಿತು ಸಭೆ.

"ಬೇಗ ಕೇಳಿ ಅಳಿಯಂದ್ರೇ," ಎಂದರು ಅತ್ತೆ, "ಕರೆಂಟ್ ಬಂದ್ಬಿಡುತ್ತೆ."

ಕೇಳಿದೆ. ಮತ್ತೆ ಮೊದಲಿನಿಂದ, ಮೂರು ಸಲ. ಮೂರು ಸಲವೂ ಶಾಂತಿ ಇತ್ತು. ಮೊಬೈಲ್ ದೀಪಗಳ ಬೆಳಕಿನಲ್ಲಿ ಅತ್ತೆ ಕುರ್ಚಿಯಲ್ಲಿ ಕೂತರು, ಸಭೆಯೆಲ್ಲ ಎದ್ದು ನಿಂತಿತು. ಎಷ್ಟೋ ಪದಗ್ರಹಣಗಳನ್ನು ವರದಿ ಮಾಡಿದ್ದೇನೆ. ಇಷ್ಟು ಹಕ್ಕಿನಿಂದ ಕೂತವರನ್ನು ನೋಡಿಲ್ಲ.

ಕಾರ್ಯಕ್ರಮ ಅಭೂತಪೂರ್ವ ಯಶಸ್ಸು ಎಂದು ಮರುದಿನ ಬರೆದೆ, ಅದು ನಿಜವೂ ಹೌದು. ನಾನು ಹೇಳಿದಂತೆಯೇ ಕುರ್ಚಿ ಅದೇ ಸಂಜೆ ಮನೆಗೆ ವಾಪಸ್ಸಾಯಿತು. ಆಟೋದಲ್ಲಿ ಅತ್ತೆ, ಸುಮಾ, ಕುರ್ಚಿ. ಜಾಗ ಸಾಲದೆ ನಾನು ಕತ್ತಿ ಹಿಡಿದು ನಡೆದು ಬಂದೆ.

ಇದನ್ನು ಬರೆಯಲು ಸ್ವಲ್ಪ ಹೊತ್ತು ಕುರ್ಚಿ ಕೊಡುವಿರಾ ಎಂದು ಅತ್ತೆಯನ್ನು ಕೇಳಿದೆ.

"ಮುಂದಿನ್ ವರ್ಷ ಪದ್ಯ ಕಳಿಸಿ, ನೋಡಣ," ಎಂದರು.

ಅಡುಗೆಮನೆಯ ಮಣೆ ಅಷ್ಟೇನೂ ಕೆಟ್ಟದಾಗಿಲ್ಲ.