ಮುದ್ದೆಯಲ್ಲಿ ಮಾಯವಾದ ಸ್ಪ್ರಿಂಗು

ಪಿಸ್ತೂಲಿನ ಸ್ಪ್ರಿಂಗನ್ನು ಯಾವಾಗ ಬದಲಿಸಬೇಕು ಎಂದು ನನಗೆ ಹೇಳಿಕೊಡುವ ಗಂಡಸು ಇಡೀ ಕೆ.ಜಿ.ಎಫ್.ನಲ್ಲಿ ಹುಟ್ಟಿಲ್ಲ! 1986ರ ಒಂದು ಬುಧವಾರ ನಮ್ಮ ರೈಫಲ್ ಕ್ಲಬ್ಬಿನ ಹನ್ನೊಂದು ಜನ ಸದಸ್ಯರೆದುರು ಮೇಜು ಗುದ್ದಿ ನಾನು ಹೀಗೆ ಘೋಷಿಸಿದೆ. ನಾನು ಆ ಕ್ಲಬ್ಬಿನ ಸೆಕ್ರೆಟರಿ. ಗುರಿ ಚೆನ್ನಾಗಿದೆ ಅಂತ ಆರಿಸಿದ್ದಲ್ಲ. ನನ್ನ ಗುಂಡು ಗುರಿಹಲಗೆಗೆ ತಗುಲಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಅಕ್ಷರ ದುಂಡಗಿತ್ತು, ಅದಕ್ಕೇ ಆರಿಸಿದ್ದರು.

ವಿಷಯ ಇಷ್ಟೇ. ಗುಂಡು ಹಾರಿದ ಕೂಡಲೇ ಸ್ಪರ್ಧೆಯ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಚಿಮ್ಮುತ್ತದೆ. ಅದನ್ನು ಮತ್ತೆ ಮುಂದಕ್ಕೆ ತಳ್ಳುವುದು ಒಳಗಿರುವ ಒಂದು ಸಣ್ಣ ಸ್ಪ್ರಿಂಗು. ಕಿರುಬೆರಳಷ್ಟು ಉದ್ದ, ಸುಡುಗಾಡು ತೆಳ್ಳಗೆ. ಅದು ಸೋತಿತೆಂದರೆ ಖಾಲಿ ತೋಟಾಗಳು ಎಲ್ಲೆಂದರಲ್ಲಿ ಹಾರತೊಡಗುತ್ತವೆ. ಕ್ಲಬ್ಬಿನಲ್ಲಿ ನಿಜಕ್ಕೂ ಗುರಿ ಇದ್ದವನು ಮುನಿಶಾಮಿ ಒಬ್ಬನೇ. ಹಿಂದಿನ ವಾರ ಅವನು ಹಾರಿಸಿದ ಗುಂಡಿನ ಖಾಲಿ ತೋಟಾ ಮೂವರ ತಲೆ ದಾಟಿ ಬಂದು ನನ್ನ ಟೀ ಲೋಟದೊಳಗೆ ಬಿದ್ದಿತ್ತು!

"ಐದು ಸಾವಿರ ಗುಂಡಾದ್ರೆ ಮಾತ್ತಿಡಣುಂ ಸಾರ್, ಬದಲಾಯಿಸ್ಬಿಡ್ಬೇಕು," ಎಂದ ಕುಪ್ಪುಸ್ವಾಮಿ. ಕ್ಲಬ್ಬಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. "ಹೊಸ ಸ್ಪ್ರಿಂಗ್ ಬಂದದೆ. ಭಾನುವಾರ ಬೆಂಗಳೂರಲ್ಲಿ ಮ್ಯಾಚು. ಈಗ್ಲೇ ಹಾಕ್ಬಿಡ್ಲಾ?"

"ತಾಳು! ಹಳೆಯದು ನಿಜವಾಗಿ ಸೋತಿದೆಯೋ ಇಲ್ಲವೋ ನಾನು ನೋಡಬೇಕು. ಎರಡನ್ನೂ ಕೊಡು. ಮನೆಯಲ್ಲಿ ಪಕ್ಕಪಕ್ಕ ಇಟ್ಟು, ಪರೀಕ್ಷಿಸಿ, ತೀರ್ಪು ಕೊಡುತ್ತೇನೆ!"

ಮೂರು ತಿಂಗಳು ಕಾದು ತರಿಸಿದ ಒಂದೇ ಒಂದು ಹೊಸ ಸ್ಪ್ರಿಂಗ್ ಅದು. ಪಿಸ್ತೂಲು ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲೇ ಉಳಿಯಿತು. ಎರಡು ಸ್ಪ್ರಿಂಗುಗಳು ಮಾತ್ರ ನನ್ನ ಜೇಬಿನಲ್ಲಿ ಜೋಡಿಯಾಗಿ ಮನೆಗೆ ಬಂದವು.

ಮರುದಿನ ಗುರುವಾರ, ನನಗೆ ರಜೆ. ಬೂದಿಕೋಟೆಯಿಂದ ನನ್ನ ಮಾವ ಆಂಜಿನಪ್ಪನವರು ಒಂದು ಚೀಲ ಅವರೆಕಾಯಿ ಹೊತ್ತು ಮಗಳನ್ನು ನೋಡಲು ಬಂದಿದ್ದರು. ಬೆಳಕು ಚೆನ್ನಾಗಿರುವುದು ಅಡಿಗೆಮನೆಯ ಕಿಟಕಿಯಲ್ಲೇ ಆದ್ದರಿಂದ ನನ್ನ ಪ್ರಯೋಗಶಾಲೆಯನ್ನು ಅಲ್ಲೇ ತೆರೆದೆ. ಪಕ್ಕದಲ್ಲಿ ನನ್ನ ಹೆಂಡತಿ ಅನಸೂಯ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ಮುದ್ದೆ ತೊಳಸುತ್ತಿದ್ದಳು.

ಒಂದು ಸ್ಪ್ರಿಂಗನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದೆ. ಇನ್ನಷ್ಟು ಒತ್ತಿದೆ. ಟಣ್! ಹೋಯಿತು!

"ಏನ್ರೀ ಅದು ಟಣ್ ಅಂತು?"

"ಏನಿಲ್ಲ, ನನ್ನ ಬೆರಳಿನ ನೆಟಿಗೆ."

"ಒಲೆ ಕೆಳಗೆ ತಲೆ ಯಾಕ್ ಆಕ್ತಾ ಇದೀರಾ?"

"ಇರುವೆ ಬಂದಿದೆಯಾ ಅಂತ ನೋಡ್ತಿದೀನಿ."

"ಇಷ್ಟ್ ವರ್ಸದಾಗೆ ಒಂದಿನಾನಾದ್ರೂ ನೋಡಿದ್ರಾ? ಏಳಿ ಆಚೆ, ಅಪ್ಪ ಅಸ್ಕೊಂಡವ್ರೆ!"

ಕಿಟಕಿಯಿಂದ ಹೊರಗೆ ಹಾರಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಊಟಕ್ಕೆ ಕೂತೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವ ಹಾಗಿಲ್ಲ. ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಅದರಲ್ಲೂ ಹೆಣ್ಣು ಕೊಟ್ಟ ಮಾವನ ಎದುರಿಗೆ ಮುದ್ದೆಗೆ ಹಲ್ಲು ತಾಗಿಸುವ ಅಳಿಯನಿಗೆ ಏಳು ಹಳ್ಳಿಯಲ್ಲಿ ಮಾನ ಉಳಿಯುವುದಿಲ್ಲ. ನಾಲ್ಕನೇ ತುತ್ತು ನನ್ನ ಗಂಟಲಲ್ಲಿ ಕೊಂಚ ತಡೆಯಿತು.

"ಯಾಕ್ ಅಳಿಯಂದ್ರೇ, ಇಳೀವಲ್ದಾ?" ಮಾವನವರು ಮೀಸೆಯೊಳಗೇ ನಕ್ಕರು.

"ಇಳಿಯದೆ ಏನು!" ಎಂದು ಎರಡು ಸೌಟು ಸಾರು ಸುರಿದು ಇಳಿಸಿದೆ. ಆಮೇಲೆ ಬಿಕ್ಕಳಿಕೆ ಶುರುವಾದದ್ದು ನನಗಲ್ಲ, ಮಾವನವರಿಗೆ.

ನಾನು ಕಿಟಕಿಯ ಹೊರಗೆ ಕರಿಬೇವಿನ ಬುಡದಲ್ಲೆಲ್ಲ ಹುಡುಕಿದೆ. ಇಲ್ಲ. ಹೊಸದೇ ಹೋಯಿತು! ಉಳಿದದ್ದು ಹಳೆಯದು! ಹೇಗೆ ಗೊತ್ತಾಯಿತು ಎನ್ನುವಿರಾ? ನೋಡಿದರೇ ಗೊತ್ತಾಗುತ್ತದೆ, ಪಾಪ, ಮುಖವೇ ಬಾಡಿತ್ತು. ಭಾನುವಾರದ ಮ್ಯಾಚು ಕಣ್ಣ ಮುಂದೆ ಬಂತು. ಹಳೆಯದು ಕುಗ್ಗಿದೆ ತಾನೆ? ಎಳೆದರೆ ಉದ್ದವಾಗುತ್ತದೆ! ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದೆ. ಕಿರುಬೆರಳಷ್ಟಿದ್ದದ್ದು ಗೇಣುದ್ದವಾಗಿ, ಸೊಟ್ಟಗಾಗಿ, ಕೈಯಲ್ಲಿ ಜೋತುಬಿತ್ತು.

ಅತ್ತ ಜಗಲಿಯಲ್ಲಿ ಮಾವನವರ ಬಿಕ್ಕಳಿಕೆ ನಿಂತೇ ಇರಲಿಲ್ಲ. ನನಗೆ ತಟ್ಟನೆ ಹೊಳೆಯಿತು. ಕಿಟಕಿಯಿಂದ ಆಚೆ ಹೋಗಿಲ್ಲ, ಮುದ್ದೆ ಪಾತ್ರೆಗೆ ಹೋಗಿದೆ! ಆ ಬಡಪಾಯಿ ಹಿರಿಯರ ಹೊಟ್ಟೆಯಲ್ಲಿ ಪಿಸ್ತೂಲಿನ ಸ್ಪ್ರಿಂಗು! ನಿಜವಾಗಿ ಅಳು ಬಂತು.

"ಮಾವಾ, ತಪ್ಪಾಯ್ತು! ನೀವು ಸ್ಪ್ರಿಂಗ್ ನುಂಗಿದ್ದೀರ!"

ಅನಸೂಯಳ ಕೈಯಿಂದ ಮೊರ ಬಿತ್ತು. "ಅಯ್ಯೋ ನಿಮ್ ಕ್ಲಬ್ಬಿಗೆ ಬೆಂಕಿ ಆಕ! ಇರುವೆ ನೋಡ್ತಿದೀನಿ ಅಂದ್ರಲ್ರೀ!"

ಮಾವನವರು ಮಾತ್ರ ಅಲುಗಾಡಲಿಲ್ಲ. "ಅರವತ್ತು ವರ್ಸದಿಂದ ಮುದ್ದೆ ನುಂಗ್ತಾ ಇದೀನಿ. ಒಳಗೆ ಕಲ್ ಓದ್ರೂ ನಂಗೆ ಗೊತ್ತಾಯ್ತದೆ. ಪೋಟೋ ತೆಗಿಸ್ತೀಯಾ? ಬತ್ತೀನಿ ನಡಿ. ಆದ್ರೆ ನೀನೂ ತೆಗಿಸ್ಬೇಕು!" ಸಿಟ್ಟಿನಲ್ಲಿ ಬಹುವಚನ ಹೋಗಿ ಏಕವಚನ ಬಂದಿತ್ತು.

ಸಂಜೆ ಆಸ್ಪತ್ರೆಯಲ್ಲಿ ಇಬ್ಬರಿಗೂ ಎಕ್ಸ್‌ರೇ ಆಯಿತು. ಡಾಕ್ಟರು ಮೊದಲ ಫಿಲ್ಮು ಎತ್ತಿ ಹಿಡಿದರು. "ಆಂಜಿನಪ್ಪನವರೇ, ನಿಮ್ಮದು ಕನ್ನಡಿಯ ಹಾಗಿದೆ." ಎರಡನೆಯದನ್ನು ಎತ್ತಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಶ್ರೀರಾಮಪ್ಪನವರೇ, ನೀವು ಏನು ಕೆಲಸ ಮಾಡ್ತೀರಿ?"

ನನ್ನ ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ನಟ್ಟನಡುವೆ, ಅಂದವಾಗಿ ಸುರುಳಿ ಸುತ್ತಿಕೊಂಡು ಮಲಗಿತ್ತು ಸ್ಪ್ರಿಂಗು! ಮಾವನವರ ಬಿಕ್ಕಳಿಕೆ ಆ ಕ್ಷಣವೇ ನಿಂತಿತು.

"ತಾನಾಗಿ ಬರುತ್ತದೆ. ಬಾಳೆಹಣ್ಣು, ಸೊಪ್ಪು ತಿನ್ನಿ. ಹೊಟ್ಟೆ ನೋವು ಬಂದರೆ ಓಡಿ ಬನ್ನಿ," ಎಂದರು ಡಾಕ್ಟರು.

ಸುದ್ದಿ ತಿಳಿದ ಕುಪ್ಪುಸ್ವಾಮಿ ಶುಕ್ರವಾರ ಬೆಳಿಗ್ಗೆಯೇ ಓಡಿ ಬಂದ. ನಾನು ಗೇಣುದ್ದದ ಸ್ಪ್ರಿಂಗನ್ನು ಮುಂದೆ ಮಾಡಿ, "ಹಳೆಯದನ್ನು ಸ್ವಲ್ಪ ಉದ್ದ ಮಾಡಿದ್ದೇನೆ, ನೋಡಪ್ಪ," ಎಂದೆ. ಅವನು ಅದರ ತುದಿ ನೋಡಿ ಎದೆ ಎದೆ ಬಡಿದುಕೊಂಡ.

"ಐಯಯ್ಯೋ ಸಾರ್! ತುದೀಲಿ ಹಸಿರು ಚುಕ್ಕೆ ಕಾಣ್ಲಿಲ್ವಾ? ಇದು ಪುದುಸು ಸಾರ್, ಹೊಸದು! ನಿಮ್ಮ ಹೊಟ್ಟೇಲಿರೋದು ಹಳೇದು!"

ಅಲ್ಲಿಗೆ ಕೆ.ಜಿ.ಎಫ್. ರೈಫಲ್ ಪಟುಗಳ ಇಡೀ ಭವಿಷ್ಯ ನನ್ನ ಕರುಳಿನಲ್ಲಿ ಸಿಕ್ಕಿಕೊಂಡಿತು. ಶನಿವಾರ ಬೆಳಿಗ್ಗೆ ಹನ್ನೊಂದೂ ಜನ ಸದಸ್ಯರು ನನ್ನ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚಿಪ್ಪು ಬಾಳೆಹಣ್ಣು. ನಾನು ಹಿತ್ತಲ ಕಡೆ ಹೋದಾಗೆಲ್ಲ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಬರಿಗೈಯಲ್ಲಿ ಬಂದಾಗೆಲ್ಲ ನಿಟ್ಟುಸಿರು ಬಿಟ್ಟು ಕೂರುತ್ತಿದ್ದರು. ಇಪ್ಪತ್ತೆರಡನೇ ಬಾಳೆಹಣ್ಣಿಗೆ, ಮಧ್ಯಾಹ್ನ ಎರಡು ಗಂಟೆಗೆ, ಅನಸೂಯ ಹೊರಬಂದು ಮುಖ ಅತ್ತ ತಿರುಗಿಸಿಕೊಂಡು ಸಾರಿದಳು: "ಬಂತಂತೆ!"

ಚಪ್ಪಾಳೆ! ಶಿಳ್ಳೆ! ಕುಪ್ಪುಸ್ವಾಮಿ ಅದನ್ನು ಸೋಡಾಪುಡಿ ಹಾಕಿ ಏಳು ಸಲ ಕುದಿಸಿ, ಎಣ್ಣೆ ಸವರಿ, ಪಿಸ್ತೂಲಿಗೆ ಏರಿಸಿದ. ಭಾನುವಾರ ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಹೊರಟೆವು. ಮಾವನವರೂ ತಮಾಷೆ ನೋಡಲು ಜೊತೆಗೆ ಬಂದರು. ಮುನಿಶಾಮಿ ಉಸಿರು ಬಿಗಿ ಹಿಡಿದು (ಗುರಿಗಾಗಿಯೋ, ಬೇರೆ ಕಾರಣಕ್ಕೋ ಕೇಳಬೇಡಿ) ಹಾರಿಸಿದ. ಖಾಲಿ ತೋಟಾಗಳು ಕಂಡಕಂಡಲ್ಲಿ ಹಾರಿದರೂ ಗುಂಡುಗಳು ಮಾತ್ರ ನೆಟ್ಟಗೆ ಹೋದವು. ಎರಡನೇ ಬಹುಮಾನ ನಮಗೇ ಬಂತು!

ವಾಪಸು ಬರುವಾಗ ರೈಲಿನಲ್ಲೇ ಕ್ಲಬ್ಬಿನ ಸಭೆ ಸೇರಿತು. ನನಗೆ ಮತ್ತೆ ಎದೆ ಉಬ್ಬಿತು. ಎದ್ದು ನಿಂತು ಹೇಳಿದೆ: "ನೋಡಿದಿರಾ? ಬದಲಿಸುವ ಅಗತ್ಯ ಇಲ್ಲ ಅಂತ ಮೊದಲೇ ಅನಿಸಿತ್ತು ನನಗೆ!"

ಕುಪ್ಪುಸ್ವಾಮಿ ಕೈ ಮುಗಿದ. "ನಿಜ ಸಾರ್, ಸ್ಪ್ರಿಂಗು ಇನ್ನೂ ಕೊಂಚ ದಿನ ಬರ್ತದೆ. ಅರ್ಜೆಂಟಾಗಿ ಬದಲಾಯಿಸ್ಬೇಕಾಗಿರೋದು ಸೆಕ್ರೆಟರೀನ!"

"ಒಪ್ಪುವವರು ಕೈ ಎತ್ತಿ!" ಎಂದು ಯಾರೋ ಕೂಗಿದರು. ಹನ್ನೆರಡು ಕೈಗಳು ಎದ್ದವು. ನನ್ನನ್ನು ಬಿಟ್ಟರೆ ಕ್ಲಬ್ಬಿನಲ್ಲಿರುವುದು ಹನ್ನೊಂದೇ ಜನ ಅಲ್ಲವೇ ಎಂದು ತಿರುಗಿ ನೋಡಿದೆ. ಎಲ್ಲರಿಗಿಂತ ಎತ್ತರಕ್ಕೆ ಎದ್ದ ಕೈ ನನ್ನ ಮಾವನವರದು!